ಸುಣ್ಣ ಮೆತ್ತಿದ ಮಗ್ಗಲು

ಇಂಥ ಮಾತುಗಳನ್ನು ಬೇರೆಯವರು ಹೇಳುವಾಗ ನಾನು ನಗುತ್ತಿದ್ದೆ. ಹುಣಸೆಮರದ ಹತ್ತಿರ ಯಾರೋ ಹೆಸರು ಹಿಡಿದು ಕೂಗಿದಂತಾಯಿತು, ಸತ್ತುಹೋದ ಅತ್ತೆ ಬಾಗಿಲಲ್ಲಿ ನಿಂತು ನೀರು ಕೇಳಿದಳು ಎನ್ನುವವರಿಗೆ, ಹೊಟ್ಟೆ ತುಂಬ ಉಂಡು ಮಲಗಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದೆ. ನಾನು ಓದಿದ್ದು ಏಳನೇ ತರಗತಿಯವರೆಗೆ. ಆದರೂ ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಬೇಕು ಎಂಬಷ್ಟು ತಿಳಿವಳಿಕೆ ಇದೆ ಎಂದುಕೊಂಡಿದ್ದೆ. ಈಗ ಬರೆಯುತ್ತಿರುವುದು ಕಣ್ಣಿಗೆ ಕಂಡದ್ದೇ, ಕಿವಿಗೆ ಕೇಳಿದ್ದೇ. ನಡೆದದ್ದು ಕತ್ತಲಲ್ಲೂ ಅಲ್ಲ, ನೆತ್ತಿಯ ಮೇಲೆ ಬಿಸಿಲಿದ್ದ ಹೊತ್ತಿನಲ್ಲಿ.

ನಮ್ಮ ಊರು ಆಂಧ್ರದ ಗಡಿಯೊಳಗೆ, ಅಮರಾಪುರದ ಹತ್ತಿರ. ಸ್ವಲ್ಪ ಕಡಲೆಕಾಯಿ ಹೊಲ, ಒಂದು ಹಿಪ್ಪುನೇರಳೆ ತೋಟ, ಅದರ ಪಕ್ಕದಲ್ಲಿ ರೇಷ್ಮೆ ಹುಳ ಸಾಕುವ ಮನೆ. ನನಗೆ ಒಬ್ಬಳೇ ತಂಗಿ, ರತ್ನ. ಅವಳನ್ನು ರಾಯದುರ್ಗಕ್ಕೆ ಕೊಟ್ಟಿದ್ದೇವೆ. ಅಲ್ಲಿ ಮನೆ ಮನೆಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುತ್ತಾರಲ್ಲ, ಅವಳೂ ಮನೆಯಲ್ಲೇ ಮಿಷನ್ ಹಾಕಿಕೊಂಡು ಹೊಲಿಯುತ್ತಾಳೆ. ಇಲ್ಲಿಂದ ಬಸ್ಸು ಬದಲಿಸಿ ಬದಲಿಸಿ ಹೋದರೆ ಅರ್ಧ ದಿನದ ದಾರಿ.

ಕೆಂಚಿ ಅವಳ ನಾಯಿ. ಮದುವೆಗೆ ಮುಂಚೆ ಒಂದು ದಿನ ಕಡಲೆಕಾಯಿ ಕೀಳುವಾಗ ಬದುವಿನ ಪೊದೆಯಲ್ಲಿ ಸಿಕ್ಕ ಮರಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ಕೆಂಪು ಮೈ. ಬೆಳೆದ ಮೇಲೆ ಹಂದಿಯ ಜೊತೆ ಬಡಿದಾಡಿ ಬಲಗಿವಿ ಸೀಳಿಸಿಕೊಂಡಿತ್ತು. ರಾತ್ರಿ ಹೊಲ ಕಾಯಲು ನಾನು ಹೋದರೆ ನನಗಿಂತ ಮುಂಚೆ ಹೋಗಿ ಕೂತಿರುತ್ತಿತ್ತು. ಗಂಡನ ಮನೆಗೆ ಹೊರಟ ದಿನ ರತ್ನ ನಮ್ಮ ಅವ್ವನನ್ನು ತಬ್ಬಿ ಅತ್ತದ್ದು ಸರಿಯೇ, ಆದರೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಕೆಂಚಿಯ ಮಾತು. “ಅವ್ಳು ಬಾಯಿ ಬಿಟ್ಟು ಹೇಳಲ್ಲ ಕಣಣ್ಣಾ. ನೀನೇ ನೋಡ್ಕೊಬೇಕು.” ನೋಡಿಕೊಳ್ಳುತ್ತೇನೆ ಎಂದೆ. ಆಮೇಲೆ ಅವಳು ಯಾವಾಗ ಫೋನ್ ಮಾಡಿದರೂ ಮೊದಲ ಮಾತು ಒಂದೇ, ಕೆಂಚಿ ಉಂಡ್ಲಾ? ಅವ್ವನ ಮೊಣಕಾಲು, ನನ್ನ ಹೆಂಡತಿ, ನಾನು, ಎಲ್ಲ ಆಮೇಲೆ.

ಇದು ನಡೆದ ವರ್ಷ ಬೇಸಿಗೆಯ ಬೆಳೆಯಲ್ಲಿ ಹುಳ ನಾಲ್ಕನೇ ಜ್ವರ ಬಿಟ್ಟು ಎದ್ದಿತ್ತು. ಹುಳ ಪೊರೆ ಕಳಚಲು ಮೇವು ಬಿಟ್ಟು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೆಯದು ಮುಗಿದರೆ ಒಂದು ವಾರ ಅವಕ್ಕೆ ತಿನ್ನುವುದೇ ಕೆಲಸ, ನಮಗೆ ಸೊಪ್ಪು ಕುಯ್ದು ಹಾಕುವುದೇ ಕೆಲಸ. ಆ ವಾರ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಬೀಡಿ ಸೇದಿ ಬಂದವರು, ತಲೆಗೆ ವಾಸನೆ ಎಣ್ಣೆ ಹಚ್ಚಿದವರು, ಹೊಲಕ್ಕೆ ಔಷಧಿ ಹೊಡೆದವರು ಹೊಸ್ತಿಲು ದಾಟುವಂತಿಲ್ಲ. ಬಾಗಿಲ ಮುಂದೆ ಸುಣ್ಣದ ಪುಡಿ ಹರಡಿ, ಅದರ ಮೇಲೆ ಕಾಲಿಟ್ಟು ಒಳಗೆ ಹೋಗುತ್ತೇವೆ. ನಮ್ಮಪ್ಪ ಇದ್ದಾಗ ಆಸ್ಪತ್ರೆಗೆ ಹೋಗಿಬಂದವರನ್ನು ಎರಡು ದಿನ ಒಳಗೆ ಸೇರಿಸುತ್ತಿರಲಿಲ್ಲ. ಫಿನಾಯಿಲಿನ ವಾಸನೆಗೆ ಹುಳ ಕಕ್ಕುತ್ತದೆ ಎನ್ನುತ್ತಿದ್ದ.

ಅದೇ ವಾರ ಕೆಂಚಿ ಮುದ್ದೆ ಬಿಟ್ಟಳು. ಮೊದಲ ದಿನ ಗರಿಕೆ ತಿಂದು ಕಕ್ಕಿದಳು. ನಾಯಿ ಗರಿಕೆ ತಿಂದರೆ ತಾನೇ ಔಷಧಿ ಮಾಡಿಕೊಂಡಿದೆ ಎಂದು ನಮ್ಮಲ್ಲಿ ಎಲ್ಲರೂ ಅನ್ನುತ್ತಾರೆ, ನಾನೂ ಅಂದೆ. ಎರಡನೆಯ ದಿನ ನೀರೂ ಬೇಡವಾಯಿತು. ಮೈ ಮುಟ್ಟಿದರೆ ಸುಡುತ್ತಿತ್ತು. ಬಿಸಿಲಿನ ಕಾಲ, ಯಾವ ನಾಯಿಯ ಮೈ ಸುಡುವುದಿಲ್ಲ ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ನನ್ನ ಹೆಂಡತಿ ಬಂದು, ಅದರ ಉಚ್ಚೆ ಟೀ ಡಿಕಾಕ್ಷನ್ನಿನ ಬಣ್ಣಕ್ಕೆ ಬಂದಿದೆ, ಅಮರಾಪುರದ ದನದ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದಳು. ಬೈಕಿನಲ್ಲಿ ಅರ್ಧ ಗಂಟೆಯೂ ಬೇಡದ ದಾರಿ. ನಾನು ಆಸ್ಪತ್ರೆಯ ವಾಸನೆಯ ಮಾತು ತೆಗೆದೆ. ಒಂದು ಹೊತ್ತಿನ ಸೊಪ್ಪು ನಾನೊಬ್ಬಳೇ ಹಾಕುತ್ತೇನೆ, ಸಾಯಂಕಾಲ ನೀನು ಒಳಗೆ ಬರಲೇಬೇಡ ಎಂದಳು. ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವುದಕ್ಕೆ ಇನ್ನು ಮೂರೇ ದಿನ, ಆಮೇಲೆ ನೋಡೋಣ ಎಂದೆ. ಅವಳು ಸೊಪ್ಪಿನ ಮಂಕರಿ ಎತ್ತಿಕೊಳ್ಳುತ್ತ ಒಂದೇ ಮಾತು ಹೇಳಿದಳು.

“ಹುಳ ಏನು ನಿನ್ ಜೊತೆ ಹೊಲ ಕಾಯಕ್ಕೆ ಬಂದಿದ್ವಾ?”

ನನಗೆ ಸಿಟ್ಟು ಬಂತು. ಆದರೆ ಈಗ ನಿಜ ಹೇಳಬೇಕು. ಹುಳದ ಭಯ ಅರ್ಧ ಮಾತ್ರ. ಕುರಿಗೆ ಹೊಟ್ಟೆ ಉಬ್ಬರಿಸಿದಾಗ ನಾನು ಅದೇ ಆಸ್ಪತ್ರೆಗೆ ಹೊತ್ತು ಗೊತ್ತು ನೋಡದೆ ಓಡಿದ್ದೇನೆ. ಅದು ಕುರಿ. ನಾಯಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಊರ ನಡುವೆ ಹೋದರೆ, ನೋಡ್ರೋ, ನಾಯಿಗೆ ಗ್ಲೂಕೋಸ್ ಹಾಕ್ಸಕ್ಕೆ ಹೊಂಟವ್ನೆ ಎಂದು ಅರಳಿಕಟ್ಟೆಯಲ್ಲಿ ಕೂತವರು ನಗುತ್ತಾರೆ. ಆ ನಗು ಆಗಲೇ ನನ್ನ ಕಿವಿಯಲ್ಲಿತ್ತು. ಅದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿ ಹುಳದ ಮೇಲೆ ಹಾಕಿದೆ.

ಆ ಹೊತ್ತಿಗೆ ಕೆಂಚಿ ಏಳುವುದನ್ನು ಬಿಟ್ಟಿದ್ದಳು. ಹುಳದ ಮನೆಯ ಬಾಗಿಲಲ್ಲಿ, ನೆರಳಿಗಿರಬೇಕು, ಆ ಸುಣ್ಣದ ಮೇಲೆಯೇ ಎಡ ಮಗ್ಗಲಿಗೆ ಬಿದ್ದುಕೊಂಡಿದ್ದಳು. ಎಬ್ಬಿಸಲು ನೋಡಿದೆ, ಹಿಂಗಾಲು ನಿಲ್ಲಲಿಲ್ಲ. ಬಲ ಮಗ್ಗಲಿಗೆ ಹೊರಳಿಸಿ ಮಲಗಿಸಿದೆ. ಎಡ ಮಗ್ಗಲು ಕಿವಿಯಿಂದ ಬಾಲದವರೆಗೆ ಬೆಳ್ಳಗೆ ಸುಣ್ಣ ಮೆತ್ತಿಕೊಂಡಿತ್ತು. ಒರೆಸಬೇಕು ಅನ್ನಿಸಿತು, ಒರೆಸಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದೆ. ಹೆಂಡತಿ ಒಳಗೆ ಸೊಪ್ಪು ಹಾಸುತ್ತಿದ್ದಳು. ಹುಳ ಸೊಪ್ಪು ತಿನ್ನುವ ಸದ್ದು ಹೊರಗೂ ಕೇಳುತ್ತದೆ, ದೂರದಲ್ಲಿ ಮಳೆ ಬಂದ ಹಾಗೆ. ಆಗ ರತ್ನನ ಫೋನ್ ಬಂತು.

ಅವಳು ಫೋನ್ ಮಾಡಿದರೆ ಹಿಂದೆ ಹೊಲಿಗೆ ಮಿಷನ್ನಿನ ಸದ್ದು ಇದ್ದೇ ಇರುತ್ತದೆ. ಅವತ್ತು ಇರಲಿಲ್ಲ.

“ಅಣ್ಣಾ, ಕೆಂಚಿ ಎಲ್ಲವ್ಳೆ?”

“ಇಲ್ಲೇ, ನನ್ ಮುಂದೇನೇ ಅವ್ಳೆ.”

“ಉಂಡ್ಲಾ?”

“ಉಂಡ್ಲು. ಬೆಳಿಗ್ಗೆ ಒಂದು ಮುದ್ದೆ ಮುಗ್ಸವ್ಳೆ.”

ಯೋಚನೆ ಮಾಡಿ ಹೇಳಿದ ಸುಳ್ಳಲ್ಲ ಅದು. ದಿನಾ ಹೇಳುವ ಉತ್ತರ ಬಾಯಿಗೆ ತಾನೇ ಬಂತು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಷ್ಟೇ.

ರತ್ನ ಮೆಲ್ಲಗೆ ಹೇಳಿದಳು. ಒಂದು ಗಂಟೆ ಹೊತ್ತಿನಿಂದ ಅವಳ ಮನೆಯ ಹೊಸ್ತಿಲಲ್ಲಿ ಒಂದು ನಾಯಿ ಬಂದು ಮಲಗಿದೆಯಂತೆ. ಕೆಂಪು ಮೈ. ಬಲಗಿವಿ ಸೀಳಿದೆ. ರೊಟ್ಟಿ ಹಾಕಿದರೆ ಮೂಸಲಿಲ್ಲ, ನೀರಿಟ್ಟರೆ ಮುಟ್ಟಲಿಲ್ಲ. ಇವಳು ಒಳಗೆ ಓಡಾಡಿದರೆ ತಲೆ ಎತ್ತದೆ ಬರೀ ಕಣ್ಣಲ್ಲೇ ಹಿಂದೆ ಬರುತ್ತದೆಯಂತೆ.

“ಯಾಕಣ್ಣಾ, ಒಂದ್ ಮಗ್ಗಲು ಪೂರ್ತಿ ಬೆಳ್ಳಗೈತೆ? ಸುಣ್ಣದಾಗ ಹೊಳ್ಳಾಡಿದಂಗ.”

ರಾಯದುರ್ಗದ ಮಾತು ಅವಳ ಬಾಯಲ್ಲಿ ಬಂದರೆ ನಾನು ಅಣಕಿಸುವುದು ವಾಡಿಕೆ. ಅವತ್ತು ಅಣಕಿಸಲು ಆಗಲಿಲ್ಲ. ಕೆಂಚಿಯ ಕಡೆ ನೋಡಿದೆ. ಹಾಗೇ ಬಿದ್ದಿದ್ದಳು, ಬೆಳ್ಳಗಿನ ಮಗ್ಗಲು ಮೇಲಾಗಿ. ಪಕ್ಕೆ ಆಡುತ್ತಿತ್ತು.

ಆಗಲೂ ನಿಜ ಹೇಳಬಹುದಿತ್ತು. ಮೂರು ದಿನದಿಂದ ಉಂಡಿಲ್ಲ ಕಣಮ್ಮ, ಈಗಲೇ ಕರೆದುಕೊಂಡು ಹೋಗುತ್ತೇನೆ ಎನ್ನಬಹುದಿತ್ತು. ನಾನು ಹೇಳಿದ್ದು ಬೇರೆ. ಊರಲ್ಲಿ ಕೆಂಪು ನಾಯಿಗೇನು ಬರವೇ, ನೀರು ಮುಟ್ಟದಿದ್ದರೆ ಅದು ಹುಚ್ಚು ನಾಯಿಯೇ ಇರಬೇಕು, ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಮೊದಲು ಅದನ್ನು ಅಲ್ಲಿಂದ ಓಡಿಸು ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು.

“ಕೆಂಚಿ ಚೆನ್ನಾಗವ್ಳೆ ತಾನೆ?”

“ಚೆನ್ನಾಗವ್ಳೆ.”

ಅವಳು ಫೋನ್ ಇಡಲಿಲ್ಲ, ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಹೋದಳು. ಪೊರಕೆಯ ಹಿಡಿ ನೆಲಕ್ಕೆ ಬಡಿದ ಸದ್ದು ಕೇಳಿತು. ಹಚಾ, ಹೋಗು, ಹಚಾ ಎಂದಳು. ಗದರುವ ದನಿಯಲ್ಲ, ಅರ್ಧ ಬೇಡಿಕೊಳ್ಳುವ ದನಿ.

ಇಲ್ಲಿ ಕೆಂಚಿ ಕಣ್ಣು ತೆರೆದಳು. ಬೆಳಗಿನಿಂದ ಹಿಂಗಾಲು ಊರಲಾಗದವಳು ಎದ್ದು ನಿಂತಳು. ನನ್ನ ಕಡೆ ನೋಡಲಿಲ್ಲ. ಬಾಲವನ್ನು ಹೊಟ್ಟೆಗೆ ಮುದುರಿಕೊಂಡು, ಏಟು ತಪ್ಪಿಸಿಕೊಳ್ಳುವ ನಾಯಿ ಹೇಗೆ ಬೆನ್ನು ಬಗ್ಗಿಸಿ ಪಕ್ಕಕ್ಕೆ ಸರಿಯುತ್ತದೋ ಹಾಗೆ ಸರಿದು, ತೋಟದ ಕಡೆ ನಡೆದಳು. ಸ್ವಲ್ಪ ದೂರ ಹೋಗಿ ಒಂದು ಸಲ ತಿರುಗಿದಳು. ಆಮೇಲೆ ಸೊಪ್ಪಿನ ಸಾಲಿನೊಳಗೆ ಕಾಣದಾದಳು. ನಾನು ಅವಳಿಗೆ ಒಂದು ಮಾತೂ ಅಂದಿರಲಿಲ್ಲ. ಕೈಯೂ ಎತ್ತಿರಲಿಲ್ಲ.

“ಹೋಯ್ತಣ್ಣಾ,” ಎಂದಳು ರತ್ನ ಫೋನಿನಲ್ಲಿ. “ತಿರುಗಿ ನೋಡ್ಕೊಂಡು ಹೋಯ್ತು.”

ಆಮೇಲೆ ನಾನು ಮಾಡಿದ್ದೂ ಹೇಳಬೇಕು. ತಕ್ಷಣ ಹಿಂದೆ ಹೋಗಲಿಲ್ಲ. ಎದ್ದು ನಡೆದಳಲ್ಲ, ಇನ್ನು ಪರವಾಗಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡು, ಆ ಹೊತ್ತಿನ ಸೊಪ್ಪು ಕುಯ್ದು ಮುಗಿಸಿದೆ. ಎರಡು ಸಲ ಬೆರಳು ಕುಯ್ದುಕೊಂಡೆ. ಹುಡುಕಲು ಹೊರಟಾಗ ಹೊತ್ತು ಇಳಿದಿತ್ತು. ತೋಟ, ಬೇಲಿ, ಕಡಲೆಕಾಯಿ ಹೊಲ, ರತ್ನ ಮರಿಯನ್ನು ಎತ್ತಿಕೊಂಡು ಬಂದ ಆ ಪೊದೆ, ಎಲ್ಲ ನೋಡಿದೆ. ಸಿಕ್ಕಿದ್ದು ಮುಸ್ಸಂಜೆಯಲ್ಲಿ, ತೋಟದ ಕೊನೆಯ ಸಾಲಿನಲ್ಲಿ, ನೀರು ಜಿನುಗುವ ಪೈಪಿನ ಪಕ್ಕ. ಆಸ್ಪತ್ರೆ ಮುಚ್ಚಿತ್ತು. ರಾತ್ರಿಯೆಲ್ಲ ಹೆಂಡತಿ ಒದ್ದೆ ಬಟ್ಟೆಯಿಂದ ಅವಳ ಮೈ ಒರೆಸಿದಳು. ಸುಣ್ಣವೆಲ್ಲ ಹೋಯಿತು.

ಬೆಳಿಗ್ಗೆ ಸೊಪ್ಪಿನ ಮಂಕರಿಯಲ್ಲಿ ಗೋಣಿ ಹಾಸಿ, ಕೆಂಚಿಯನ್ನು ಮಲಗಿಸಿ, ಬೈಕಿನ ಹಿಂದೆ ಕಟ್ಟಿಕೊಂಡು ಹೋದೆ. ಅರಳಿಕಟ್ಟೆಯಲ್ಲಿ ನಾಲ್ಕು ಜನ ಕೂತಿದ್ದರು. ಯಾರೂ ನಗಲಿಲ್ಲ. ಒಬ್ಬರು ಎದ್ದು ಬಂದು, ಮಂಕರಿ ವಾಲಿದೆ ಎಂದು ಹಗ್ಗ ಬಿಗಿ ಮಾಡಿ ಕಟ್ಟಿಕೊಟ್ಟರು.

ಡಾಕ್ಟರು ಅವಳ ತುಟಿ ಎತ್ತಿ ವಸಡು ತೋರಿಸಿದರು. ಕೆಂಪಗಿರಬೇಕಾದದ್ದು ಕಾಗದದಂತೆ ಬಿಳಿಚಿಕೊಂಡಿತ್ತು. ಕಿವಿಯ ಮಡಿಕೆಯಲ್ಲಿ ಉಣ್ಣಿಗಳಿದ್ದವು. ಉಣ್ಣಿ ಕಚ್ಚಿ ಬರುವ ಜ್ವರ, ರಕ್ತವನ್ನೇ ತಿಂದುಬಿಡುತ್ತದೆ, ಊಟ ಬಿಟ್ಟ ದಿನವೇ ತಂದರೆ ಮದ್ದಿದೆ ಎಂದರು. ಎಷ್ಟು ದಿನವಾಯಿತು ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ನಿನ್ನೆಯಾದರೂ ತರಬೇಕಿತ್ತಪ್ಪಾ ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿ, ಸೂಜಿ ಚುಚ್ಚಲು ನರ ಹುಡುಕಿದರು. ಬಹಳ ಹೊತ್ತು ಸಿಗಲಿಲ್ಲ. ಸಿಕ್ಕಿ ಗ್ಲೂಕೋಸ್ ಇಳಿಯತೊಡಗಿದಾಗ ನಾನು ಬಾಟಲಿ ಹಿಡಿದು ನಿಂತಿದ್ದೆ. ಅದು ಅರ್ಧ ಇಳಿಯುವ ಮುಂಚೆ ಕೆಂಚಿಯ ಪಕ್ಕೆ ಆಡುವುದು ನಿಂತಿತು. ಸಾಕು, ಕೈ ಇಳಿಸು ಎಂದು ಡಾಕ್ಟರು ಎರಡು ಸಲ ಹೇಳಬೇಕಾಯಿತು.

ಅವಳನ್ನು ತೋಟದಲ್ಲಿ ಮಣ್ಣು ಮಾಡಿ, ಸ್ನಾನ ಮಾಡಿ, ಅವತ್ತೇ ಹುಳದ ಮನೆಗೆ ಹೋದೆ. ಹೆಂಡತಿ ಒಬ್ಬಳ ಕೈಯಲ್ಲಿ ಆಗುತ್ತಿರಲಿಲ್ಲ. ಹುಳಕ್ಕೆ ಏನೂ ಆಗಲಿಲ್ಲ. ಆ ಸಲದಷ್ಟು ಗಟ್ಟಿ ಗೂಡು ನಮ್ಮ ಮನೆಯಲ್ಲಿ ಯಾವತ್ತೂ ಆಗಿರಲಿಲ್ಲ.

ರತ್ನನಿಗೆ ಫೋನ್ ಮಾಡಿ, ರಾತ್ರಿ ಇದ್ದಕ್ಕಿದ್ದ ಹಾಗೆ ಹೋಗಿಬಿಟ್ಟಳು ಎಂದೆ. ಇನ್ನೊಂದು ಸುಳ್ಳು. ಅವಳು ಅಳಲಿಲ್ಲ. ತಾನು ಫೋನ್ ಮಾಡಿದ ದಿನವೇ ರಾತ್ರಿಯಾ ಎಂದು ಮಾತ್ರ ಕೇಳಿದಳು.

ನಾನು ಬಹಳ ಯೋಚಿಸಿದ್ದೇನೆ. ನಾಯಿಯ ಕಿವಿ ಸೂಕ್ಷ್ಮ, ಫೋನಿನೊಳಗಿನ ರತ್ನನ ದನಿ ಕೆಂಚಿಗೆ ಕೇಳಿರಬಹುದು. ಸಾಕಿದವಳೇ ಹಚಾ ಅಂದದ್ದು ಕೇಳಿ ಎದ್ದು ಹೋಗಿರಬಹುದು. ಅಷ್ಟು ಒಪ್ಪುತ್ತೇನೆ. ಕಿವಿ ಸೀಳಿದ ಕೆಂಪು ನಾಯಿ ರಾಯದುರ್ಗದಲ್ಲೂ ಇರಬಹುದು. ಯಾರದೋ ಮನೆಗೆ ಬಳಿಯಲು ತಂದ ಸುಣ್ಣದಲ್ಲಿ ಅದು ಹೊರಳಿರಬಹುದು. ಬಿಡಿಬಿಡಿಯಾಗಿ ಎಲ್ಲಕ್ಕೂ ಉತ್ತರವಿದೆ. ಒಂದೇ ಹೊತ್ತಿಗೆ ಎಲ್ಲ ಯಾಕೆ ಸೇರಿದವು ಎನ್ನುವುದಕ್ಕೆ ನನ್ನಲ್ಲಿ ಉತ್ತರವಿಲ್ಲ. ಯಾರನ್ನಾದರೂ ಕೇಳೋಣವೆಂದರೆ, ಅವರಿಗೆ ನಾನು ಹೇಳಿದ ಸುಳ್ಳನ್ನೂ ಹೇಳಬೇಕಾಗುತ್ತದೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಹೋದ ಸಲ ರಾಯದುರ್ಗಕ್ಕೆ ಹೋದಾಗ ರತ್ನನ ಹೊಸ್ತಿಲ ಪಕ್ಕ ಒಂದು ಮಣ್ಣಿನ ಬೋಗುಣಿಯಲ್ಲಿ ನೀರಿತ್ತು. ಆವತ್ತಿನಿಂದ ದಿನಾ ಇಡುತ್ತಾಳಂತೆ, ಯಾವ ನಾಯಿ ಬಂದರೂ ಗದರುವುದಿಲ್ಲವಂತೆ. ಊಟ ಬಡಿಸುತ್ತ ಅವಳೇ ಮಾತು ತೆಗೆದಳು. ಅವಳ ದನಿಯಲ್ಲಿ ಆಪಾದನೆ ಇರಲಿಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ.

“ಅವ್ಳು ಚೆನ್ನಾಗವ್ಳೆ ಅಂತ ನೀನಂದಿಯಲ್ಲ, ಅದಕ್ಕೇ ಓಡ್ಸಿದೆ ಅಣ್ಣಾ. ಇಲ್ದಿದ್ರೆ ಒಳಗೆ ಕರ್ಕೊಂತಿದ್ದೆ.”

ನಾನು ಅನ್ನ ಕಲಸುತ್ತ, ಅದು ಬೇರೆ ಯಾವುದೋ ನಾಯಿ ಬಿಡಮ್ಮ ಎಂದೆ. ಹೊರಡುವಾಗ ಬೋಗುಣಿಯ ನೀರು ತಳಕ್ಕೆ ಬಂದಿತ್ತು. ಅದನ್ನು ತೊಳೆದು ತುಂಬಿಸಿಟ್ಟು, ಮಡಕಶಿರದ ಮೇಲಾಗಿ ಊರಿನ ದಾರಿ ಹಿಡಿದೆ. ಬಸ್ಸಿನಲ್ಲಿ ಉದ್ದಕ್ಕೂ ಒಂದೇ ಯೋಚನೆ. ಅವಳು ಆ ನಾಯಿಯನ್ನು ಒಳಗೆ ಕರೆದುಕೊಂಡಿದ್ದರೆ, ಇಲ್ಲಿ ಕೆಂಚಿ ಏನು ಮಾಡುತ್ತಿದ್ದಳು?