ಮಾತಿಲ್ಲದ ಆರನೇ ಹಾಡು

ಪುಟ್ಟಿ, ಚಿಕ್ಕೂ, ನೀವು ಎಷ್ಟು ಸಲ ಕೇಳಿದರೂ ನನಗೆ ಹಾಡಲು ಬರುವುದಿಲ್ಲ ಎಂದೇ ಹೇಳುತ್ತಿದ್ದೆ. ಅದು ಸುಳ್ಳು. ನಮ್ಮವ್ವನಿಂದ ಕಲಿತ ಸೋಬಾನೆ ಪದಗಳು ಇನ್ನೂ ತಲೆಯಲ್ಲಿವೆ. ನಿಮ್ಮ ತಾತ ಹೋದ ಮೇಲೆ ಮದುವೆಮನೆಗಳಲ್ಲಿ ನನ್ನನ್ನು ಹಸೆಯ ಹತ್ತಿರ ಹಾಡಲು ಯಾರೂ ಕರೆಯಲಿಲ್ಲ. ನಾನೂ ಹಿಂದೆ ಕೂತು ಅಭ್ಯಾಸ ಮಾಡಿಕೊಂಡೆ. ಜೊತೆಗೆ ಹಾಡುತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡರು. ಈಗ ಆ ಪದಗಳು ಉಳಿದಿರುವುದು ನನ್ನೊಬ್ಬಳ ಹತ್ತಿರ.

ಕಳೆದ ಅವರೆಕಾಯಿ ಕಾಲದಲ್ಲಿ, ಬೋಗಾದಿಯ ಮನೆಯಲ್ಲಿ ನೆನೆಸಿದ ಕಾಳು ಹಿತುಕುತ್ತ ಕೂತಿದ್ದೆ. ಪುಟ್ಟಿ, ನೀನು ಆ ಐದು ಹುಡುಗರ ಗುಂಪಿನ ಹೊಸ ಆಲ್ಬಂ ಹಾಕಿದ್ದೆ. ನಡುವೆ ನೀವಿಬ್ಬರೂ ಬಟ್ಟೆ ತರಲು ಟೆರೇಸಿಗೆ ಹೋದಿರಿ. ಅದರ ಆರನೇ ಹಾಡಿನಲ್ಲಿ ಬರೀ ವಾದ್ಯ. ಗಿಟಾರ್ ಒಂದು ಸಾಲು ನುಡಿಸಿ ಸುಮ್ಮನಾಗುತ್ತಿತ್ತು. ಡ್ರಮ್ಮು ಮೆಲ್ಲಗೆ ಕಾಯುತ್ತಿತ್ತು. ಮತ್ತೆ ಅದೇ ಸಾಲು, ಮತ್ತೆ ಬಿಡುವು.

ಸೋಬಾನೆಯಲ್ಲಿ ಒಬ್ಬಳು ಸಾಲು ಹೇಳಿ ಬಿಡುತ್ತಾಳೆ, ಉಳಿದವರು ಅದನ್ನು ಎತ್ತಿಕೊಳ್ಳಬೇಕು. ಅದಕ್ಕೆ ಸೊಲ್ಲು ಕೊಡುವುದು ಎನ್ನುತ್ತೇವೆ. ಕೊಡದಿದ್ದರೆ ಹೇಳಿದವಳಿಗೆ ಅವಮಾನ ಮಾಡಿದ ಹಾಗೆ. ಆ ಗಿಟಾರಿನವನನ್ನು ಎಲ್ಲರೂ ಕೈಬಿಟ್ಟಿದ್ದಾರೆ ಅನ್ನಿಸಿತು. ಮೂರನೇ ಸಲಕ್ಕೆ ತಡೆಯಲಾಗಲಿಲ್ಲ. ಬಳೆ ತೊಡಿಸುವ ಪದ ಬಾಯಿಂದ ಬಂದೇಬಿಟ್ಟಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ನೀವಿಬ್ಬರೂ ನಿಂತಿದ್ದಿರಿ.

“ಬರಲ್ಲ ಅಂತಿದ್ದೆ! ಎಂಥ ಕಳ್ಳಿ ಕಣಜ್ಜಿ ನೀನು!” ಎಂದೆ ನೀನು, ಪುಟ್ಟಿ.

“ಪಾಪ, ಸೊಲ್ಲು ಕೊಡ್ಲಿ ಅಂತ ಕಾಯ್ತಾವ್ನೆ. ಯಾರೂ ಕೊಡ್ದೇ ಇದ್ರೆ ಅವಮಾನ ಅಲ್ವಾ? ಬಂದ್ಬುಡ್ತು ಕಣವ್ವ.”

ಚಿಕ್ಕೂ, ನೀನು ಬಿದ್ದು ಬಿದ್ದು ನಕ್ಕೆ. “ಅಜ್ಜಿ, ಅದು ಇರೋದೇ ಹಂಗೆ. ಅದ್ರಲ್ಲಿ ಯಾರೂ ಹಾಡಲ್ಲ!”

ನಾನು ನಾಚಿ ಪಾತ್ರೆ ಎತ್ತಿಕೊಂಡು ಏಳಲು ಹೋದೆ. ಪುಟ್ಟಿ, ನೀನು ಅದನ್ನು ಮೊದಲಿನಿಂದ ಹಾಕಿ, ಎದುರಿಗೆ ಕೂತು ಕಾಳು ಹಿತುಕತೊಡಗಿದೆ. ಗಿಟಾರಿನ ಸಾಲು ಮುಗಿಯಿತು. ನಾನು ಬಾಯಿ ಬಿಡಲಿಲ್ಲ. ಎರಡನೇ ಸಲವೂ ಬಿಡಲಿಲ್ಲ.

“ಅಜ್ಜಿ, ಅವನಿಗೆ ಅವಮಾನ ಆಗುತ್ತೆ,” ಎಂದೆ ನೀನು, ತಲೆಯೆತ್ತದೆ.

ಹಾಡಿದೆ. ನಡುವೆ ಒಂದು ಸಾಲು ಮರೆತುಹೋಗಿತ್ತು. ಎಷ್ಟು ನೆನೆದರೂ ಸಿಗಲಿಲ್ಲ. ಕೇಳೋಣವೆಂದರೆ ಯಾರಿದ್ದಾರೆ? ಅದಕ್ಕೇ ಮಾರನೆಯ ದಿನದಿಂದ ಬರೆಯಲು ಕೂತೆ. ಪದಗಳೆಲ್ಲ ಈ ಕಾಗದದ ಹಿಂದಿನ ಹಾಳೆಗಳಲ್ಲಿವೆ. ಮರೆತ ಸಾಲಿಗೆ ಜಾಗ ಬಿಟ್ಟಿದ್ದೇನೆ. ಇವನ್ನು ನಿಮ್ಮ ಮಾರ್ಕ್ಸ್ ಕಾರ್ಡುಗಳ ಜೊತೆಗೇ ಇಡಿ, ಒದ್ದೆಯಾಗದ ಹಾಗೆ ನೋಡಿಕೊಳ್ಳಿ.