ಅಕ್ಕನ ವೋಟು

ನಮ್ಮೂರ ಸಂಘದಲ್ಲಿ ಮತದಾರರ ಪಟ್ಟಿ ಓದುವವನು ನಾನು. ಮರಳವಾಡಿಯಿಂದ ಒಳಕ್ಕೆ ಹೋದರೆ ನಮ್ಮೂರು. ಹಾಲಿನ ಡೈರಿ ಪಕ್ಕದ ಒಂದು ಕೋಣೆಯೇ ಸಂಘ. ಗಣೇಶನ ಹಬ್ಬಕ್ಕೂ ರಾಜ್ಯೋತ್ಸವಕ್ಕೂ ಅದು ಯುವಕರ ಸಂಘ. ಚುನಾವಣೆ ಬಂತೆಂದರೆ ಪಾರ್ಟಿ ಆಫೀಸು. ಪಂಚಾಯ್ತಿ ಚುನಾವಣೆಗೆ ಪಾರ್ಟಿಯ ಚಿಹ್ನೆ ಇರುವುದಿಲ್ಲ, ನಿಜ. ಆದರೆ ಯಾರ ಮನೆ ಯಾವ ಪಾರ್ಟಿ ಎಂಬುದು ನಮ್ಮ ಕಡೆ ಕೊಟ್ಟಿಗೆಯ ಎಮ್ಮೆಗೂ ಗೊತ್ತು.

ಭಾನುವಾರ ಬೆಳಿಗ್ಗೆ ಡೈರಿಗೆ ಹಾಲು ಹಾಕಿದವರು ಕ್ಯಾನು ಕೈಯಲ್ಲಿ ಹಿಡಿದೇ ಬಂದು ಸೇರುತ್ತಾರೆ. ಕೇರಂ ಬೋರ್ಡನ್ನು ಎರಡು ಕುರ್ಚಿಯ ಮೇಲಿಟ್ಟು ಪಟ್ಟಿ ಹರಡುತ್ತೇವೆ. ಹಾಳೆಗಳಿಗೆ ಬೋರ್ಡಿನ ಪೌಡರ್ ಮೆತ್ತಿಕೊಳ್ಳುತ್ತದೆ. ನಾನು ಮನೆ ನಂಬರು, ಹೆಸರು ಓದುತ್ತೇನೆ. ಕೂತವರು 'ನಮ್ದು', 'ಅವ್ರುದು', 'ಡೌಟು' ಅನ್ನುತ್ತಾರೆ. ನಮ್ಮದಕ್ಕೆ ರೈಟು, ಅವರದಕ್ಕೆ ಇಂಟು, ಡೌಟಿಗೆ ಸೊನ್ನೆ. ಕೆಂಪು ಪೆನ್ನು ಹಿಡಿದು ಗುರುತು ಹಾಕುವವರು ನಮ್ಮ ಲೀಡರು. ಊರಿನ ಪಾರ್ಟಿ ಅವರ ಕೈಯಲ್ಲೇ ಇದೆ.

ನಾನು ಓದಿದ್ದು ಏಳನೇ ಕ್ಲಾಸು. ಬಿಡದಿಯ ಫ್ಯಾಕ್ಟರಿಗೆ ಕೆಲಸಗಾರರನ್ನು ಕರೆದೊಯ್ಯುವ ವ್ಯಾನು ಓಡಿಸುತ್ತೇನೆ. ಮೊದಲೆಲ್ಲ ಸಂಘದ ಬಾಗಿಲಲ್ಲಿ ನಿಂತೇ ಇರುತ್ತಿದ್ದೆ. ಒಮ್ಮೆ ಪಟ್ಟಿ ಓದುತ್ತಿದ್ದವನ ಕನ್ನಡಕ ಒಡೆದು, ಪಟ್ಟಿ ನನ್ನ ಕೈಗೆ ಬಂತು. ಎರಡು ಪುಟ ತಡವರಿಸದೆ ಓದಿದೆ. ಲೀಡರು ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಟವೆಲ್ ತೆಗೆದು, "ಕೂತ್ಕೊಳ್ಲಾ," ಅಂದರು. ಆ ಕುರ್ಚಿ ಸಿಕ್ಕಿದ್ದು ಹಾಗೆ.

ಗಟ್ಟಿಯಾಗಿ ಓದುವುದನ್ನು ನನಗೆ ಕಲಿಸಿದ್ದು ಮೇಷ್ಟ್ರಲ್ಲ, ಅಕ್ಕ. ನನ್ನನ್ನು ನೋಡಿಕೊಳ್ಳಲೆಂದು ಅವಳನ್ನು ನಾಲ್ಕನೇ ಕ್ಲಾಸಿಗೆ ಬಿಡಿಸಿದ್ದರು. ನಾನು ಸ್ಕೂಲಿಗೆ ಹೋಗುವ ಹೊತ್ತಿಗೆ ಅವಳು ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ಸಂಜೆ ನನ್ನನ್ನು ಬದುವಿನ ಮೇಲೆ ಕೂರಿಸಿ, ಪುಸ್ತಕ ತೆಗೆಸಿ, "ಗಟ್ಟಿಯಾಗ್ ಓದ್ಲಾ, ನಂಗೂ ಕೇಳ್ಲಿ," ಅನ್ನುತ್ತಿದ್ದಳು. ಅವಳು ಸಾಲಿನಿಂದ ಸಾಲಿಗೆ ದೂರ ಹೋದಂತೆ ನಾನು ಗಂಟಲು ಏರಿಸಬೇಕಿತ್ತು. ಏಳನೇ ಕ್ಲಾಸಿನವರೆಗೆ ನಾವಿಬ್ಬರೂ ಓದಿದ್ದು ಹೀಗೆ.

ಅವಳನ್ನು ಕೋಡಿಹಳ್ಳಿ ಕಡೆ ಕೊಟ್ಟರು. ಒಳ್ಳೆಯ ಮನೆಯೇ. ಆದರೆ ಹಸು, ಹುಳು, ಕಾಯಿಲೆಯ ಅತ್ತೆ. ಬೆಳಿಗ್ಗೆ ಹಾಲು, ಸಂಜೆ ಹಾಲು, ನಡುವೆ ರೇಷ್ಮೆ ಹುಳಕ್ಕೆ ಸೊಪ್ಪು. ಗೌರಿ ಹಬ್ಬಕ್ಕೂ ತವರಿಗೆ ಬರಲು ಅವಳಿಗೆ ಆಗುತ್ತಿರಲಿಲ್ಲ. ವೋಟಿನ ದಿನ ಮಾತ್ರ ಬರುತ್ತಿದ್ದಳು. ಅವಳ ಹೆಸರು ನಮ್ಮೂರ ಪಟ್ಟಿಯಲ್ಲೇ ಉಳಿದಿತ್ತು. "ಹಬ್ಬಕ್ ಹೋಯ್ತೀನಿ ಅಂದ್ರೆ ಅತ್ತೆ ಮಕ ಊದುಸ್ಕತಾರೆ. ವೋಟು ಅಂದ್ರೆ ಯಾರೂ ತಡೆಯಂಗಿಲ್ಲ ನೋಡು, ಸರ್ಕಾರುದ್ದು!" ಎಂದು ನಗುತ್ತಿದ್ದಳು. ಪಂಚಾಯ್ತಿ ಇರಲಿ, ಅಸೆಂಬ್ಲಿ ಇರಲಿ, ಅವ್ವನಿಗೆ ಅದೇ ಹಬ್ಬ. ಅಪ್ಪ ತೀರಿಕೊಂಡ ಮೇಲಂತೂ ಅವ್ವ ಚುನಾವಣೆ ಯಾವಾಗ ಎಂದು ನನ್ನನ್ನು ಕೇಳುತ್ತಲೇ ಇರುತ್ತಿದ್ದಳು.

ಜಮೀನು ನನ್ನ ಹೆಸರಿಗೆ ಆಗುವಾಗ ಅಕ್ಕ ಕನಕಪುರಕ್ಕೆ ಬಂದು ಹಕ್ಕು ಬಿಟ್ಟುಕೊಟ್ಟು ಸಹಿ ಹಾಕಿದಳು. ಆಮೇಲೆ ಹೋಟೆಲಿನಲ್ಲಿ ದೋಸೆ ತಿನ್ನುತ್ತಾ ಹೇಳಿದಳು: "ಜಮೀನು ನೀನೇ ಮಡಿಕ. ನನ್ ವೋಟು ಮಾತ್ರ ಅಲ್ಲೇ ಇರ್ಲಿ ಕಣ್ಲಾ. ಅದೊಂದ್ನ ಬರ್ಸ್ಕಬ್ಯಾಡ." ನಾವಿಬ್ಬರೂ ನಕ್ಕೆವು.

ಹಿಂದಿನ ಪಂಚಾಯ್ತಿ ಚುನಾವಣೆಗೆ ಮುಂಚಿನ ಒಂದು ಭಾನುವಾರ. ಪಟ್ಟಿ ಓದುತ್ತಾ ನಮ್ಮ ಮನೆ ನಂಬರಿಗೆ ಬಂದೆ. ಮೊದಲು ಅಪ್ಪನ ಹೆಸರು. ಅಪ್ಪ ಹೋಗಿ ಆಗಲೇ ಕೆಲವು ವರ್ಷವಾಗಿತ್ತು; ಪಟ್ಟಿಯಲ್ಲಿ ಮಾತ್ರ ಇದ್ದ.

"ಇರ್ಲಿ ಬುಡು," ಲೀಡರು ರೈಟು ಹಾಕಿದರು. "ನಿಮ್ಮಪ್ಪ ಯಾವತ್ತೂ ನಮ್ಮೋನೆ."

ಆಮೇಲೆ ಅವ್ವ. ರೈಟು. ಆಮೇಲೆ ಅಕ್ಕನ ಹೆಸರು ಓದಿದೆ.

"ಇದು ರೈಟೋ ಇಂಟೋ?" ಲೀಡರು ಪೆನ್ನು ಎತ್ತಿ ಹಿಡಿದು ಕೇಳಿದರು.

"ನಮ್ಮಕ್ಕ ಅಣ್ಣ," ಅಂದೆ.

"ನಿಮ್ಮಕ್ಕ ಅನ್ನೋದು ಊರ್ಗೇ ಗೊತ್ತಿಲ್ವೇನ್ಲಾ? ವೋಟು ಯಾರ್ಗೆ ಅಂತ ಕೇಳ್ದೆ. ಅವ್ಳ್ ಗಂಡನ ಮನೆಯೋರು ತಾತನ ಕಾಲ್ದಿಂದ ಆ ಪಾರ್ಟಿ."

ಅಕ್ಕ ಯಾರಿಗೆ ಹಾಕುತ್ತಾಳೋ ನನಗೂ ಗೊತ್ತಿರಲಿಲ್ಲ. ಕೇಳಿದರೆ, "ಯಾರ್ಗೋ ಒಬ್ರಿಗೆ ಹಾಕ್ದೆ, ನಿಂಗ್ಯಾಕ್ಲಾ?" ಅನ್ನುತ್ತಿದ್ದಳು. ನಾನು ಹಾಳೆಯ ಅಂಚು ಮಡಿಸುತ್ತಿದ್ದುದನ್ನು ನೋಡಿ ಡೈರಿ ಸೆಕ್ರೆಟರಿ ನಕ್ಕ. "ಊರೋರ್ ಹಾಲ್ನೆಲ್ಲ ಇವ್ನು ಅಳೀತಾ ಕುಂತವ್ನೆ. ಇವ್ರ್ ಮನೆ ಕ್ಯಾನಲ್ಲೇ ನೀರು!"

ಎಲ್ಲರೂ ನಕ್ಕರು. ಲೀಡರೂ ನಕ್ಕರು. ಕೂತ ಕುರ್ಚಿ ಅಲ್ಲಾಡಿದ ಹಾಗಾಯಿತು.

"ಅವ್ಳು ಮದ್ವೆಯಾಗಿ ಹೋಗಿ ಇಪ್ಪತ್ತೊರ್ಸ ಆಯ್ತು," ಅಂದೆ. "ಇಲ್ಲಿ ಇಲ್ದೋಳ ಹೆಸ್ರು ಇಲ್ಯಾಕಣ್ಣ? ತೆಗುಸ್ಬುಡ್ತೀನಿ."

ತೆಗೆಸು ಎಂದು ಯಾರೂ ಹೇಳಿರಲಿಲ್ಲ. ನಾನೇ ಹೇಳಿದೆ. ಲೀಡರು ನನ್ನ ಬೆನ್ನು ತಟ್ಟಿದರು. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಆ ಪಟ್ಟಿಯಲ್ಲಿ ಬೇಕಾದಷ್ಟು ಇದ್ದವು. ರೈಟು ಬಿದ್ದಿದ್ದ ಒಂದನ್ನೂ ನಾವು ಮುಟ್ಟಲಿಲ್ಲ.

ಹೆಸರು ತೆಗೆಯುವ ಫಾರಂ ತಂದು ನಾನೇ ತುಂಬಿದೆ. ಕಾರಣ ಬರೆಯುವ ಕಡೆ 'ಊರು ಬಿಟ್ಟಿದ್ದಾರೆ' ಎಂದು ಬರೆದು ಸಹಿ ಹಾಕಿದೆ. ಅದು ಸುಳ್ಳಲ್ಲ. ಕಾನೂನಿನ ಲೆಕ್ಕದಲ್ಲಿ ನಾನು ಮಾಡಿದ್ದು ತಪ್ಪೂ ಅಲ್ಲ. ಆಮೇಲಿನ ದಿನಗಳಲ್ಲಿ ಈ ಮಾತನ್ನೇ ನನಗೆ ನಾನು ಎಷ್ಟು ಸಲ ಹೇಳಿಕೊಂಡೆನೋ.

ಕಚೇರಿಯವರು ಕ್ರಮದ ಪ್ರಕಾರವೇ ನಡೆದುಕೊಂಡರು. ಆಕ್ಷೇಪಣೆ ಇದ್ದರೆ ತಿಳಿಸಿ ಎಂದು ಅಕ್ಕನ ಹೆಸರಿಗೆ ನೋಟಿಸು ಕಳಿಸಿದರು. ಪಟ್ಟಿಯಲ್ಲಿದ್ದ ವಿಳಾಸ ನಮ್ಮ ಮನೆಯದು. ನೋಟಿಸು ನಮ್ಮ ಮನೆಗೇ ಬಂತು. ಸಂಜೆ ನಾನು ವ್ಯಾನು ನಿಲ್ಲಿಸಿ ಒಳಗೆ ಬಂದಾಗ ಅವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕಾಗದ ತೆಗೆದು ಕೊಟ್ಟಳು. ಅವಳಿಗೆ ಓದು ಬರುತ್ತಿರಲಿಲ್ಲ.

"ನಿಮ್ಮಕ್ಕನ ಹೆಸ್ರಿಗೆ ಬಂದದಂತೆ. ಏನೈತ್ಲಾ ಅದ್ರಲ್ಲಿ? ಒಸಿ ಓದು."

ನಾನು ಬಿಡಿಸಿ ನೋಡಿದೆ. ಆಮೇಲೆ ಬಾಯಿಗೆ ಬಂದದ್ದನ್ನು ಹೇಳಿದೆ: "ಏನಿಲ್ಲ ಕಣವ್ವ. ವೋಟ್ ಹಾಕಕ್ ಬನ್ನಿ ಅಂತ ಬರ್ದವ್ರೆ."

ಅವ್ವನ ಮುಖ ಅರಳಿತು. ನನ್ನ ಕೈಯಲ್ಲೇ ಅಕ್ಕನಿಗೆ ಫೋನು ಹಚ್ಚಿಸಿಕೊಂಡಳು. "ಮಗಾ, ಸರ್ಕಾರ್ದೋರು ನಿನ್ನೆಸ್ರಿಗೇ ಕಾಗ್ದ ಕೊಟ್ಟವ್ರೆ. ನಿಮ್ಮತ್ತೆಗೆ ಹೇಳು. ಬಂದ್ಬುಡು."

ಕಾಗದವನ್ನು ಮಡಿಸಿ ವ್ಯಾನಿನ ಡ್ರೈವರ್ ಸೀಟಿನ ಕೆಳಗೆ ಹಾಕಿದೆ.

ವೋಟಿನ ದಿನ ನಾನು ನಮ್ಮ ಕಡೆಯ ಏಜೆಂಟಾಗಿ ಬೂತಿನೊಳಗೆ ಕೂತಿದ್ದೆ. ಬೂತು ಇದ್ದದ್ದು ನಾವಿಬ್ಬರೂ ಓದಿದ ಸ್ಕೂಲಿನಲ್ಲೇ. ಹನ್ನೊಂದರ ಹೊತ್ತಿಗೆ ಅಕ್ಕ ಬಂದಳು. ಹಸಿರು ಸೀರೆ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಜಡೆ. ಸಾಲಿನಲ್ಲಿ ಹಿಂದೆಮುಂದೆ ಇದ್ದವರನ್ನೆಲ್ಲ, "ಚೆಂದಾಗಿದ್ದೀಯವ್ವ?" ಎಂದು ವಿಚಾರಿಸುತ್ತಾ ಬಾಗಿಲವರೆಗೆ ಬಂದಳು. ನನ್ನನ್ನು ಕಂಡು ಕಣ್ಣಲ್ಲೇ ನಕ್ಕಳು.

ಅಧಿಕಾರಿ ಅವಳ ಕಾರ್ಡು ನೋಡಿ ಪಟ್ಟಿ ತಿರುಗಿಸಿದರು. ಇನ್ನೊಮ್ಮೆ ತಿರುಗಿಸಿದರು. "ನಿಮ್ಮ ಹೆಸರು ಇದರಲ್ಲಿಲ್ಲಮ್ಮ," ಅಂದರು.

"ಇಲ್ದೆ ಏನು, ನೋಡಿ ಸ್ವಾಮಿ. ಕಾಗ್ದ ಬಂದೈತೆ ನಂಗೆ." ಆಮೇಲೆ ನನ್ನ ಕಡೆ ತಿರುಗಿದಳು. "ಲೇ ತಮ್ಮ, ನಿನ್ ಪಟ್ಟೀಲಿ ನೋಡ್ಲಾ. ಅವ್ರ್ದ್ರಲ್ಲಿ ಬಿಟ್ಟೋಗಿರ್ಬೇಕು."

ನಾನು ಪಟ್ಟಿ ಬಿಡಿಸಿದೆ. ನಮ್ಮ ಮನೆ ನಂಬರು ಯಾವ ಪುಟದಲ್ಲಿದೆ ಎಂಬುದು ಕಣ್ಣು ಮುಚ್ಚಿದರೂ ನನಗೆ ಗೊತ್ತು. ಆದರೂ ಮೊದಲ ಪುಟದಿಂದ ಬೆರಳಿಟ್ಟು ಹುಡುಕಿದೆ. ಅವಳು ಬಗ್ಗಿ ನನ್ನ ಬೆರಳನ್ನೇ ನೋಡುತ್ತಿದ್ದಳು. ಅವಳ ತಲೆಯ ಎಣ್ಣೆಯ ವಾಸನೆ ಬರುತ್ತಿತ್ತು. ಅಪ್ಪನ ಹೆಸರು ದಾಟಿತು, ಅವ್ವನ ಹೆಸರು ದಾಟಿತು, ನನ್ನ ಹೆಸರು ಬಂತು.

"ಇಲ್ಲ ಕಣಕ್ಕ," ಅಂದೆ.

"ಅಪ್ಪಂದು ಐತಲ್ಲೋ?" ಅಂದಳು.

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಅಕ್ಕ ಶಾಯಿ ಹಾಕುವವನ ಮುಂದೆ ಬೆರಳು ಚಾಚಿದಳು. "ವೋಟು ಬ್ಯಾಡ, ಒಸಿ ಮಸಿನಾರ ಹಾಕಪ್ಪ. ಬರೀ ಬೆರಳಲ್ಲಿ ಹೋದ್ರೆ ನಮ್ಮತ್ತೆ ಎಲ್ಗೋಗಿದ್ದೆ ಅಂತಾರೆ." ಅವನು ನಕ್ಕು, ಆಗಲ್ಲ ಎಂದು ತಲೆ ಆಡಿಸಿದ. ಅವಳೂ ನಕ್ಕಳು. ಆ ಬೆರಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹೊರಗೆ ಹೋದಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದೆ. ಹಿತಕಿದವರೆ ಬೇಳೆ ಸಾರು, ಮುದ್ದೆ. ಅವ್ವ ಹಿಂದಿನ ದಿನವೆಲ್ಲ ಕೂತು ಕಾಳು ಹಿತುಕಿದ್ದಳು. ಅಕ್ಕ ನನಗೆ ಬಡಿಸುತ್ತಾ ಕೇಳಿದಳು: "ಆ ಕಾಗ್ದ ಎಲ್ಲೈತ್ಲಾ? ಅದ್ನ ತೋರ್ಸಿದ್ರೆ ಬುಡ್ತಿದ್ರೇನೋ."

"ಎಲ್ಲೋ ಬಿದ್ದೋಯ್ತು ಅಕ್ಕ."

ಅವಳು ಸಾರಿನ ಪಾತ್ರೆಗೆ ಸೌಟು ಇಳಿಸಿದಳು. "ಅವ್ವಂಗೆ ಗಟ್ಟಿಯಾಗ್ ಓದಿ ಹೇಳ್ಲಿಲ್ವೇನ್ಲಾ?" ಅಂದಳು. ಅಷ್ಟೇ. ಅವಳು ಇನ್ನೊಂದು ಸೌಟು ಸಾರು ಬಿಟ್ಟಳು. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಡುವಾಗ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು ಕೊಟ್ಟಳು. ಆಧಾರಿನ ಜೆರಾಕ್ಸು, ಎರಡು ಪಾಸ್‌ಪೋರ್ಟ್ ಸೈಜಿನ ಫೋಟೋ. "ಮತ್ತೆ ಸೇರ್ಸ್ಬುಡು ಮಗಾ. ನೀನಾದ್ರೆ ಅವ್ರ್ ಜೊತೇಲೇ ಇರ್ತೀಯ."

ನಾವು ಗೆದ್ದೆವು. ಅಕ್ಕನಂಥ ಹತ್ತು ವೋಟು ಆ ಕಡೆ ಬಿದ್ದಿದ್ದರೂ ಗೆಲ್ಲುತ್ತಿದ್ದೆವು. ಮೆರವಣಿಗೆಯಲ್ಲಿ ನಾನೂ ಕುಣಿದೆ.

ಆ ಕವರು ನಮ್ಮ ಮನೆಯ ಗೂಡಿನಲ್ಲೇ ಉಳಿಯಿತು. ಸೇರಿಸಲು ಹೋದರೆ, ತೆಗೆಸಿದ್ದು ಯಾರು ಎಂಬ ಮಾತು ಬರುತ್ತದೆ ಎಂದು ಹೆದರಿದೆ. ಸಂಘದಲ್ಲಿ ಮತ್ತೆ ನಗುತ್ತಾರೆ ಎಂದೂ ಹೆದರಿದೆ. ಅಕ್ಕ ಫೋನು ಮಾಡಿ, "ಸೇರ್ಸಿದ್ಯೇನ್ಲಾ?" ಅನ್ನುವಳು. "ಕೊಟ್ಟಿವ್ನಿ ಅಕ್ಕ, ಬತ್ತದೆ," ಅನ್ನುತ್ತಿದ್ದೆ. ಅಸೆಂಬ್ಲಿ ಚುನಾವಣೆ ಬಂತು, ಪಾರ್ಲಿಮೆಂಟಿನದೂ ಬಂತು. ಅಕ್ಕ ಬರಲಿಲ್ಲ. "ಏನಂತ ಹೇಳಿ ಬರ್ಲವ್ವ?" ಎಂದು ಅವ್ವನಿಗೆ ಅಂದಳಂತೆ. ಎರಡು ಸಲವೂ ಅವ್ವ ಬೆಳಿಗ್ಗೆಯೇ ವೋಟು ಹಾಕಿ ಬಂದು, ಬಸ್ ಸ್ಟಾಪಿನ ಕಡೆ ಮುಖ ಮಾಡಿ ಜಗಲಿಯಲ್ಲಿ ಕೂತಿದ್ದಳು. ಅಕ್ಕ ಬಂದದ್ದು ಅವ್ವ ತೀರಿಕೊಂಡಾಗ.

ಹೋದ ವರ್ಷ ಅಕ್ಕನಿಗೆ ಜಾಂಡೀಸ್ ಆಯಿತು. ಆಸ್ಪತ್ರೆಗೆ ನೋಡಲು ಹೋದೆ. ಕಣ್ಣೆಲ್ಲ ಅರಿಶಿನವಾಗಿತ್ತು. ಈಗಲಾದರೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳೇ ಮೊದಲು ಮಾತಾಡಿದಳು. "ಈ ಸತಿ ಪಂಚಾಯ್ತಿ ಎಲೆಕ್ಷನ್‌ಗೆ ಬತ್ತೀನಿ ಕಣ್ಲಾ. ಅವ್ವ ಇಲ್ಲ, ಕಾಳು ನಿನ್ ಹೆಂಡ್ತಿ ಕೈಲಿ ಹಿತುಕ್ಸು." ಆಗಲಿ ಅಕ್ಕ ಅಂದೆ. ಜೋಡಿಸಿಕೊಂಡ ಮಾತೆಲ್ಲ ಹಾಗೇ ಒಳಗೆ ಉಳಿಯಿತು. ಐದನೆಯ ದಿನ ಅವಳು ಹೋದಳು.

ತಿಥಿಯ ದಿನ ಭಾವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನಿಮ್ಮಕ್ಕಂಗೆ ಇಲ್ಲಿ ವೋಟು ಮಾಡ್ಸನ ಅಂದ್ರೆ ಒಪ್ನೇ ಇಲ್ಲ. ಎಲ್ಡ್ ಕಡೆ ಇದ್ರೆ ಕೇಸಾಯ್ತದೆ, ನಮ್ ತಮ್ಮ ಅಲ್ಲಿ ಸೇರ್ಸವ್ನೆ ಅಂತಿದ್ಲು." ಅಂದರೆ ನನ್ನ ಅಕ್ಕ ಸಾಯುವಾಗ ಅವಳ ಹೆಸರು ಯಾವ ಊರಿನ ಪಟ್ಟಿಯಲ್ಲೂ ಇರಲಿಲ್ಲ.

ಈಗ ಮತ್ತೆ ಪಂಚಾಯ್ತಿ ಚುನಾವಣೆಯ ಗಾಳಿ. ಮೊನ್ನೆ ಭಾನುವಾರ ಕೇರಂ ಬೋರ್ಡಿನ ಮೇಲೆ ಹೊಸ ಪಟ್ಟಿ ಹರಡಿದೆವು. ಓದುತ್ತಾ ನಮ್ಮ ಮನೆ ನಂಬರಿಗೆ ಬಂದೆ. ಅಪ್ಪನ ಹೆಸರು ಓದಿದೆ. ಅಪ್ಪ ಇನ್ನೂ ಇದ್ದಾನೆ. ಅವ್ವನ ಹೆಸರು ಓದಿದೆ. ಅವ್ವನೂ ಇದ್ದಾಳೆ. ಆಮೇಲೆ ನನ್ನ ಬಾಯಿ ಅಕ್ಕನ ಹೆಸರನ್ನು ಓದಿತು. ಓದಬೇಕು ಎಂದುಕೊಂಡು ಓದಿದ್ದಲ್ಲ. ನಾಲಿಗೆ ಮೊದಲಿನಿಂದಲೂ ಹೋಗುತ್ತಿದ್ದ ದಾರಿಯಲ್ಲಿ ಹೋಯಿತು.

ಲೀಡರು ಪೆನ್ನು ಹಿಡಿದು ಹಾಳೆಯಲ್ಲಿ ಹುಡುಕಿದರು. "ಯಾವ್ ನಂಬರ್ಲಾ ಅದು? ಇಲ್ಲಿಲ್ವಲ್ಲ."

"ನಂಬರಿಲ್ಲ ಅಣ್ಣ," ಅಂದೆ. "ನಾನೇ ತೆಗ್ಸಿದ್ದು. ಅವ್ಳಿಗೆ ಹೇಳ್ನೇ ಇಲ್ಲ."

ಡೈರಿ ಸೆಕ್ರೆಟರಿ ಈ ಸಲ ನಗಲಿಲ್ಲ. ತನ್ನ ಕಾಲ ಬೆರಳನ್ನು ನೋಡುತ್ತಾ ಕೂತ. ಲೀಡರು ಪೆನ್ನಿನ ತುದಿಯಿಂದ ಹಾಳೆಯ ಪೌಡರ್ ಒರೆಸಿದರು. "ಹೋದೋಳು ಹೋದ್ಲು ಬುಡ್ಲಾ ಅತ್ಲಾಗೆ," ಅಂದರು ಮೆಲ್ಲಗೆ. "ಮುಂದಿಂದು ಓದು."

ನಾನು ಎದ್ದು ಹೋಗಲಿಲ್ಲ. ನನ್ನ ಹೆಸರು ಓದಿದೆ, ಹೆಂಡತಿಯದು ಓದಿದೆ. ರೈಟು, ರೈಟು. ಪಕ್ಕದ ಮನೆಯ ನಂಬರು ಓದುವಾಗ ನನ್ನ ದನಿ ಅಡಗಿಹೋಗಿತ್ತು.

"ಗಟ್ಟಿಯಾಗ್ ಓದ್ಲಾ, ಇಲ್ಲಿಗ್ ಕೇಳಕಿಲ್ಲ," ಬಾಗಿಲ ಬಳಿಯಿಂದ ಯಾರೋ ಕೂಗಿದರು.

ಅಲ್ಲಿ ಹಾಲಿನ ಕ್ಯಾನು ಹಿಡಿದು ನಿಂತ ಯಾರೋ ಒಬ್ಬರು ಇದ್ದಿರಬೇಕು. ನಾನು ತಿರುಗಿ ನೋಡಲಿಲ್ಲ. ಗಂಟಲು ಏರಿಸಿ ಓದಿದೆ.