ನಾಲ್ಕು ಸ್ಪೇಸಿನಷ್ಟು ಖಾಲಿ ಜಾಗ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ನನಗೊಂದು ಹಳೆಯ ಸಿಟ್ಟಿದೆ. ಎಷ್ಟೋ ಭಾಷೆಗಳಲ್ಲಿ ಸಾಲು ಎಲ್ಲಿಂದ ಶುರುವಾದರೂ ಕಂಪ್ಯೂಟರ್ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಹಾಗಲ್ಲ, ಯಾವ ಸಾಲು ಮೇಲಿನ ಆಜ್ಞೆಯ ಒಳಗಿನದು, ಯಾವುದು ಹೊರಗಿನದು ಎಂಬುದನ್ನು ಎಡಗಡೆ ಬಿಟ್ಟ ಖಾಲಿ ಜಾಗವೇ ತೀರ್ಮಾನಿಸುತ್ತದೆ. ಏನೂ ಬರೆಯದ ಜಾಗದ್ದು ಇದೆಂಥ ದರ್ಬಾರು, ನಿಯಮ ಸ್ವಲ್ಪ ಸಡಿಲಿಸಬಾರದೇ ಎಂಬುದು ನನ್ನ ಪಕ್ಷ.

ವಿರೋಧ ಪಕ್ಷ ಮನೆಯಲ್ಲೇ ಇತ್ತು. ಹೆಂಡತಿ ಸುಮಾಳದೂ ನನ್ನಂತೆ ಪ್ರೋಗ್ರಾಂ ಬರೆಯುವ ಕಸುಬು. ಶ್ರೀನಗರ ಬಡಾವಣೆಯ ನಮ್ಮ ಮನೆಯ ಊಟದ ಮೇಜೇ ಇಬ್ಬರ ಆಫೀಸು. ಕಾಫಿ ಲೋಟ ಹಿಡಿದು ನನ್ನ ಬೆನ್ನ ಹಿಂದೆ ನಿಂತು, "ರೀ, ಆ ಸಾಲು ಒಳಗೆ ತಳ್ಳಿ. ಸ್ಪೇಸ್ ಬಿಡೋಕೂ ಜಿಪುಣತನಾನಾ?" ಎನ್ನುವಳು. ವಾದ ಮಾಡುತ್ತಲೇ ಹನುಮಂತನಗರದ ಗುಡ್ಡ ಹತ್ತಿ ಇಳಿದರೂ ತೀರ್ಪು ಸಿಗುತ್ತಿರಲಿಲ್ಲ. ಇಬ್ಬರಿಗೂ ಅದು ಬೇಕಾಗಿರಲಿಲ್ಲವೆಂದು ಈಗ ಅನ್ನಿಸುತ್ತದೆ.

ದಾವಣಗೆರೆಯಲ್ಲಿ ಅವಳ ಅಮ್ಮ ಬಿದ್ದು ಸೊಂಟ ಮುರಿದುಕೊಂಡರು. ಹದಿನೈದು ದಿನಕ್ಕೆಂದು ಹೋದವಳು ಯುಗಾದಿಗೂ ಬರಲಿಲ್ಲ. ಕೆಲಸವೂ ಅಲ್ಲಿಂದಲೇ. ಫೋನಿನಲ್ಲಿ ಮಾತ್ರ "ಮುಂದಿನ್ ವಾರ ಬಂದ್‌ಬಿಡ್ತೀನಿ" ಎನ್ನುತ್ತಾಳೆ. ಇತ್ತ ಮನೆಯ ನಿಯಮಗಳೆಲ್ಲ ಸಡಿಲವಾದವು. ಚಪ್ಪಲಿ ಎಲ್ಲೋ, ಟವೆಲ್ ಎಲ್ಲೋ. ಮೊದಲ ವಾರ ಮಜವಾಗಿತ್ತು, ಸುಳ್ಳೇಕೆ ಹೇಳಲಿ.

ಮೊನ್ನೆ ನೀರಿನ ಟ್ಯಾಂಕರ್ ಯಾವ ಮನೆಗೆ ಎಷ್ಟು ಹೊತ್ತಿಗೆಂದು ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ತಿಳಿಸಲು ಪುಟ್ಟ ಪ್ರೋಗ್ರಾಂ ಬರೆದೆ. ಎಲ್ಲ ಮುಗಿದ ಮೇಲೆ ಒಂದೇ ಒಂದು 'ನಮಸ್ಕಾರ' ಹೋಗಬೇಕಿತ್ತು. ಆ ಸಾಲು ಕೈತಪ್ಪಿ ನಾಲ್ಕು ಸ್ಪೇಸ್ ಒಳಗೆ ಸರಿದು, 'ಪ್ರತಿ ಮನೆಗೂ' ಎಂಬ ಆಜ್ಞೆಯೊಳಗೆ ಸೇರಿತ್ತು. ಪ್ರತಿ ಮನೆಯ ಸಮಯದ ಹಿಂದೆಯೂ ಒಂದೊಂದು ನಮಸ್ಕಾರ ಹೋಯಿತು. ಮಹಡಿ ಮನೆಯವರು ಮೇಲಿಂದಲೇ ಕೂಗಿದರು: "ಏನ್ ಸಾರ್, ಇಷ್ಟೊಂದ್ ನಮಸ್ಕಾರ! ನೀವೂ ದಾವಣಗೆರೆಗೆ ಹೊರಟ್ರಾ?"

ನಗುತ್ತಾ ಒಳಗೆ ಬಂದೆ. ಬೆನ್ನ ಹಿಂದೆ ಒಬ್ಬಳು ನಿಂತಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ಮೇಜಿನ ಮೇಲೆ ಪೇಪರು, ಚಾರ್ಜರು, ತೊಳೆಯದ ತಟ್ಟೆ ಎಲ್ಲ ಹರಡಿತ್ತು. ಅವಳು ಕೂರುವ ಕಡೆ ಮಾತ್ರ ಒಂದು ಚಮಚವೂ ಇರಲಿಲ್ಲ. ಇಡಬೇಡ ಎಂದು ಯಾರೂ ಹೇಳಿರಲಿಲ್ಲ. ಅವಳಿಲ್ಲದೆ ನನಗೆ ತುಂಬ ಬೇಜಾರಾಗಿತ್ತು, ಅಷ್ಟೇ.

ಫೋನ್ ಮಾಡಿ ನಮಸ್ಕಾರದ ಕಥೆ ಹೇಳಿದೆ. ನಕ್ಕಳು.

"ನೀನು ಬರೋದ್ ಬೇಡ, ನಾನೇ ಬರ್ತೀನಿ," ಎಂದೆ. "ಲ್ಯಾಪ್‌ಟಾಪ್ ಇಡೋಕೆ ಅಲ್ಲಿ ಜಾಗ ಇದೆಯಾ?"

"ಬಂದಾಗಿಂದ ಬಿಟ್ಟೇ ಇದೀನಿ," ಎಂದಳು.